ಬಂಗಲೆಯಿಂದ ಬಂದ ಪಿಯಾನೊ: ಒಬ್ಬ ರೈಟರನ ರಿಪೇರಿ ಲೆಕ್ಕ

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕತೆ ಬರೆಯುವವನಲ್ಲ. ಹಾಜರಿ ಪುಸ್ತಕ, ವಾರದ ಬಟವಾಡೆ, ಗೊಬ್ಬರದ ಸ್ಟಾಕು, ಕೊಯ್ದ ಹಣ್ಣಿನ ತೂಕ ಬರೆಯುವವನು. ಕೊಡಗಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳದೆ ಹೋದರೆ ಏನೇನೋ ಅಂದುಕೊಳ್ಳುತ್ತಾರೆ.

ಹೋದ ವರ್ಷ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಹಳೇ ಬಂಗಲೆಯನ್ನು ಹೋಂಸ್ಟೇ ಮಾಡುವ ಕೆಲಸ ಶುರುವಾಯಿತು. ಹಾಲಿನ ಮೂಲೆಯಲ್ಲಿ ಒಂದು ಪಿಯಾನೊ ಇತ್ತು. ನಿಂತ ಬೀರುವಿನ ಹಾಗಿರುವ ಜಾತಿ, ಅಪ್‌ರೈಟ್ ಅನ್ನುತ್ತಾರೆ. ಅದರ ಮೇಲೆ ವರ್ಷಗಟ್ಟಲೆ ಹೂಕುಂಡ ಇಟ್ಟು ಮೂರು ಬಿಳಿ ವೃತ್ತ ಬಿದ್ದಿತ್ತು. ಬಡಗಿ ತಟ್ಟಿ ನೋಡಿ, ಮರ ಚೆನ್ನಾಗಿದೆ, ಎರಡು ಟೀಪಾಯಿ ಆಗುತ್ತೆ ಅಂದ. ನನ್ನ ಮುಖ ನೋಡಿ ಯಜಮಾನರು, "ಬೇಕಾದರೆ ನೀನೇ ಹೊತ್ತುಕೊಂಡು ಹೋಗಪ್ಪ" ಅಂದರು.

ನನಗೆ ಬೇಕಾಗಿತ್ತು. ಅದಕ್ಕೆ ಒಂದು ಹಿನ್ನೆಲೆ ಇದೆ. ನಲವತ್ತು ದಾಟಿದ ಮೇಲೆ ಪಿಯಾನೊ ಕಲಿಯುವ ಹುಚ್ಚು ಹತ್ತಿ, ಪೇಟೆಯಲ್ಲಿ ಒಂದು ಕ್ಲಾಸಿಗೆ ಮೂರು ತಿಂಗಳು ಹೋಗಿದ್ದೆ. ಕೀ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿ, ಕೆಂಪು ಒತ್ತಿ, ಹಸಿರು ಒತ್ತಿ ಅನ್ನುತ್ತಿದ್ದರು. ಕಪ್ಪು ಕೀ ಎರಡು ಕಡೆ ಯಾಕಿಲ್ಲ ಅಂತ ಕೇಳಿದರೆ "ಅದು ಹಾಗೇ" ಅಂದರು. ಲೆಕ್ಕ ಬರೆಯುವವನಿಗೆ "ಅದು ಹಾಗೇ" ಅಂದರೆ ಹೊಟ್ಟೆಯಲ್ಲಿ ಉರಿ. ಬಿಟ್ಟುಬಿಟ್ಟೆ.

ಫೆಬ್ರವರಿ ಕೊನೆ. ಸಾಗಾಟ

ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುತ್ತೆ. ಎಲ್ಲ ತಂತಿಗಳ ಎಳೆತ ಸೇರಿದರೆ 15ರಿಂದ 20 ಟನ್. ಅಷ್ಟನ್ನು ತಡೆಯುವುದು ಆ ಚೌಕಟ್ಟೇ. ಹೀಗಾಗಿ ತೂಕ ಇನ್ನೂರು ಕೆಜಿ ದಾಟಿತ್ತು. ಎಂಟು ಜನ, ತೋಟದ ಪಿಕಪ್ಪು, ಕೆಳಗೆ ಖಾಲಿ ಗೋಣಿಚೀಲ ಹನ್ನೆರಡು. ನಮ್ಮ ಲೈನ್ ಮನೆಯ ತಿರುವಿನಲ್ಲಿ ಗಾಡಿ ವಾಲಿದಾಗ ಒಳಗಿಂದ ಒಂದು ಸದ್ದು ಬಂತು ನೋಡಿ, ಬಾವಿಗೆ ಕೊಡಪಾನದ ಗಾಡಿಯೇ ಬಿದ್ದ ಹಾಗೆ. ಹೆಂಡತಿ ಬಾಗಿಲಲ್ಲಿ ನಿಂತು, "ಇದಕ್ಕಿಂತ ಒಂದು ಹಸು ತಂದಿದ್ದರೆ ಆಗ್ತಿತ್ತು ಅಲ್ವಾ?" ಅಂದಳು.

ಹೊರಗೋಡೆಗೆ ತಾಗಿಸಬಾರದು, ಥಂಡಿ ಎಳೆಯುತ್ತೆ. ಅಡುಗೆಮನೆಯ ಒಲೆಯ ಹಿಂದಿನ ಗೋಡೆಗೆ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿದೆವು.

ಮಾರ್ಚ್ 3. ಬಿಚ್ಚಿದ್ದು

ಮೇಲಿನ ಮುಚ್ಚಳ, ಮುಂದಿನ ಹಲಗೆ, ಕಾಲ ಹತ್ತಿರದ ಹಲಗೆ, ಮೂರೂ ತಿರುಪುಳಿ ಇಲ್ಲದೆ ಬರೀ ಕ್ಲಿಪ್ಪಿನಲ್ಲಿ ನಿಂತಿದ್ದವು. ಒಳಗೆ ಸುತ್ತಿಗೆಗಳ ಸಾಲು. ಇಡೀ ಸಾಲನ್ನು ಮೇಲಿನ ನಾಲ್ಕು ಹಿಡಿನಟ್ಟು ತೆಗೆದರೆ ಒಂದೇ ತುಂಡಾಗಿ ಎತ್ತಬಹುದು. ಎತ್ತುವ ಮೊದಲು ಫೋಟೊ ತೆಗೆದುಕೊಳ್ಳಿ. ನಾನು 40 ತೆಗೆದೆ, ಆಮೇಲೆ 60 ತೆಗೆಯಬೇಕಿತ್ತು ಅನ್ನಿಸಿತು.

ಆಮೇಲೆ ಕೀಗಳು. ಪ್ರತಿ ಕೀ ಮರದ ಒಂದು ಉದ್ದ ಪಟ್ಟಿ. ನಮಗೆ ಕಾಣುವುದು ಮುಂದಿನ ತುದಿ ಮಾತ್ರ, ಮಕ್ಕಳ ಏರುಹಲಗೆ ತರಹ ನಡುವಿನ ಮೊಳೆಯ ಮೇಲೆ ತೂಗುತ್ತೆ. ಪ್ರತಿಯೊಂದರ ಮೇಲೂ ನಂಬರ್ ಒತ್ತಿತ್ತು, 1ರಿಂದ 85. ಈಗಿನ ಪಿಯಾನೊಗೆ 88 ಇರುತ್ತೆ. ಹಳೆಯವು ಎಷ್ಟೋ 85ಕ್ಕೇ ನಿಲ್ಲುತ್ತವೆ.

ಕೀ ಕೆಳಗೆ ಸಿಕ್ಕಿದ ಸಾಮಾನು: ಇಲಿಗೂಡು ಒಂದು (ಕೆಂಪು ಉಣ್ಣೆಬಟ್ಟೆ ಮತ್ತು ಇಂಗ್ಲಿಷ್ ಪೇಪರಿನಿಂದ ಕಟ್ಟಿದ್ದು, ಬಹಳ ನೀಟು), ಒಣ ಕಾಫಿ ಬೀಜ ಹದಿನಾರು, ಕರಿಮೆಣಸು ಒಂದು ಹಿಡಿ, ಹೇರ್‌ಪಿನ್ ಎರಡು, 25 ಪೈಸೆ ಒಂದು. ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದೆ. ಅಭ್ಯಾಸ.

ಬಿಳಿ ಕೀಗಳ ಮೇಲ್ಹೊದಿಕೆ ಎರಡು ತುಂಡು, ನಡುವೆ ಕೂದಲೆಳೆಯಷ್ಟು ಜೋಡಣೆಯ ಗೆರೆ. ಬೆಳಕಿಗೆ ಹಿಡಿದರೆ ಮರದ ಎಳೆಯ ಹಾಗೆ ಸಣ್ಣ ಗೆರೆಗಳು. ಸೆಲ್ಯುಲಾಯ್ಡ್ ಅಲ್ಲ, ದಂತ. ಅದೇ ವಾರ ನಮ್ಮ ಎಂಟನೇ ಬ್ಲಾಕಿಗೆ ಆನೆ ನುಗ್ಗಿ ಬೇಲಿ ಮುರಿದಿತ್ತು. ಆ ನಷ್ಟದ ಪಟ್ಟಿ ಬರೆದು ಮನೆಗೆ ಬಂದು ದಂತದ ಕೀ ಒರೆಸುತ್ತಾ ಕೂತೆ. ಯಾರ ಬಾಕಿ ಯಾರಿಗೆ ಅಂತ ಗೊತ್ತಾಗಲಿಲ್ಲ.

ಐವತ್ತು ಬಿಳಿ, ಮೂವತ್ತೈದು ಕಪ್ಪು. ನೆಲದ ಮೇಲೆ ಸಾಲಾಗಿ ಜೋಡಿಸಿದಾಗಲೇ ಮೊದಲ ಪಾಠ ತಲೆಗೆ ಹೋಯಿತು. ಕಪ್ಪು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿವೆ. ಏಳು ಬಿಳಿ, ಐದು ಕಪ್ಪು, ಒಟ್ಟು ಹನ್ನೆರಡು, ಮತ್ತೆ ಅದೇ. ಎರಡರ ಗುಂಪಿನ ಎಡಕ್ಕೆ ತಾಗಿದ ಬಿಳಿ ಕೀಯೇ ಸಿ, ಅಲ್ಲಿಂದ ಬಲಕ್ಕೆ ಬಿಳಿ ಕೀಗಳು ಡಿ, ಇ, ಎಫ್, ಜಿ, ಎ, ಬಿ, ಮತ್ತೆ ಸಿ. ಬೀಗದ ತೂತಿನ ಹತ್ತಿರ ಇರುವ ಸಿ ನಡುವಿನ ಸಿ. ಇಷ್ಟಕ್ಕೆ ಸ್ಟಿಕ್ಕರ್ ಯಾಕೆ ಬೇಕಿತ್ತೋ.

ಪಕ್ಕದ ಕೀಗೆ ಒಂದು ಹೆಜ್ಜೆ, ಬಿಳಿಯೋ ಕಪ್ಪೋ ನೋಡುವ ಹಾಗಿಲ್ಲ. ಸಿ ಇಂದ ಬಿಳಿಯಲ್ಲೇ ನಡೆದರೆ ಹೆಜ್ಜೆಗಳು 2, 2, 1, 2, 2, 2, 1. ಇದು ಮೇಜರ್ ಸ್ಕೇಲ್. ಕಪ್ಪು ಇಲ್ಲದ ಎರಡು ಕಡೆ, ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ, ದೂರವೇ ಒಂದು ಹೆಜ್ಜೆ. ನಡುವೆ ಕಪ್ಪಿಗೆ ಜಾಗ ಎಲ್ಲಿ? ಇದೇ 2, 2, 1ನ್ನು ಜಿ ಇಂದ ಶುರು ಮಾಡಿ ನೋಡಿದೆ, ಏಳನೆಯದಕ್ಕೆ ಎಫ್ ಬಿಟ್ಟು ಅದರ ಬಲದ ಕಪ್ಪು ಬಂತು. ಎಫ್ ಶಾರ್ಪ್ ಅಂದರೆ ಇದೇ. ಕ್ಲಾಸಿನ ಮೂರು ತಿಂಗಳ ಫೀಸು ನೆನಪಾಯಿತು.

ಮಾರ್ಚ್ 10ರಿಂದ 24. ಅಂಟುವ ಕೀಗಳು, ನಾನು ಮಾಡಿದ ಎಡವಟ್ಟು

85ರಲ್ಲಿ 31 ಕೀ ಒತ್ತಿದರೆ ಮೇಲೆ ಬರುತ್ತಿರಲಿಲ್ಲ, ಇಲ್ಲವೇ ಯೋಚನೆ ಮಾಡಿ ಬರುತ್ತಿದ್ದವು. ಕಾಯಿಲೆ ಎರಡು ಜಾಗದಲ್ಲಿರಬಹುದು. ಒಂದು, ಕೀ ಒಳಗೆ ಮೊಳೆ ಹಾದುಹೋಗುವ ತೂತಿಗೆ ಅಂಟಿಸಿದ ಉಣ್ಣೆಬಟ್ಟೆ. ಥಂಡಿ ಕುಡಿದು ಉಬ್ಬಿ ಮೊಳೆಯನ್ನು ಹಿಡಿದುಕೊಳ್ಳುತ್ತೆ. ಇನ್ನೊಂದು, ಸುತ್ತಿಗೆ ತಿರುಗುವ ಕೀಲು. ಅಲ್ಲಿ ಗುಂಡುಸೂಜಿ ದಪ್ಪದ ಪಿನ್, ಅದರ ಸುತ್ತಲೂ ಉಣ್ಣೆ. ಯಾವುದು ಅಂತ ತಿಳಿಯಲು ಸುತ್ತಿಗೆಯನ್ನು ಬೆರಳಿನಲ್ಲಿ ತಳ್ಳಿ ಬಿಡಿ. ಅದು ತಟ್ಟನೆ ವಾಪಸ್ ಬಿದ್ದರೆ ತಪ್ಪು ಕೀಯದ್ದು. ಮುದುಕರು ಮೆಟ್ಟಿಲಿಳಿದ ಹಾಗೆ ಬಂದರೆ ಕೀಲಿನದ್ದು.

ನಾನು ಏನು ಮಾಡಿದೆ ಗೊತ್ತಾ? ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ಕೀಲು ಅಂದ ಮೇಲೆ ಎಣ್ಣೆ, ಅಲ್ವಾ? ಎರಡು ದಿನ ಬೆಣ್ಣೆಯ ಹಾಗೆ ಓಡಿತು. ಮೂರನೇ ದಿನ ಉಣ್ಣೆ ಎಣ್ಣೆ ಕುಡಿದು ಊದಿ ಹನ್ನೊಂದು ಸುತ್ತಿಗೆ ಅಲ್ಲಾಡಲಿಲ್ಲ. ಪಿಯಾನೊ ಒಳಗೆ ಎಣ್ಣೆ ಬಿಡಬಾರದು, ಯಾವ ಎಣ್ಣೆಯೂ. ಅಂಗಳದಲ್ಲಿ ಬೆಂಕಿ, ಬೀಡಿ ಏನೂ ಹತ್ತಿರವಿಲ್ಲದ ಕಡೆ ಕೂತು, ವೈಟ್ ಪೆಟ್ರೋಲಿನಲ್ಲಿ ಆ ಹನ್ನೊಂದನ್ನೂ ಒಂದೊಂದಾಗಿ ತೊಳೆದೆ. ಒಂದು ವಾರ ಹೋಯಿತು.

ಸರಿಯಾದ ಔಷಧಿ ಇಷ್ಟೇ: ಶುದ್ಧ ಆಲ್ಕೋಹಾಲ್ ಅರ್ಧ, ನೀರು ಅರ್ಧ. ಸಿರಿಂಜಿನಲ್ಲಿ ಒಂದೇ ಹನಿ ಕೀಲಿನ ಉಣ್ಣೆಗೆ. ಮೊದಲು ಉಬ್ಬುತ್ತೆ, ಪಿನ್ ಜಾಗ ಬಿಡಲ್ಲ ಅಂತ ಒಳಮುಖವಾಗಿ ಅದುಮಿಕೊಳ್ಳುತ್ತೆ. ಒಣಗಿದಾಗ ಪಿನ್ ಸುತ್ತ ಕೂದಲೆಳೆ ಜಾಗ ಉಳಿಯುತ್ತೆ. ಎರಡು ದಿನ ಒಣಗಲು ಬಿಡಬೇಕು. ಕೀಯ ತೂತಿಗೆ ಬೇರೆ ಉಪಾಯ. ಅದಕ್ಕೇ ಅಂತ ಒಂದು ಇಕ್ಕಳ ಬರುತ್ತೆ. ನಾನು ಹಳೇ ಇಕ್ಕಳದ ಬಾಯಿಗೆ ಎರಡು ಹಿತ್ತಾಳೆ ಪಟ್ಟಿ ಬೆಸೆಸಿಕೊಂಡೆ. ಉಣ್ಣೆಯನ್ನು ಮೆಲ್ಲಗೆ ಒತ್ತಿ ಚಪ್ಪಟೆ ಮಾಡುವುದು, ಅಷ್ಟೇ. ಜಾಸ್ತಿ ಒತ್ತಿದರೆ ಕೀ ಅತ್ತಿತ್ತ ಕುಣಿಯುತ್ತೆ. ನನ್ನ 47ನೇ ಕೀ ಇವತ್ತಿಗೂ ಕುಣಿಯುತ್ತೆ.

ಸುತ್ತಿಗೆ ಸಾಲು ವಾಪಸ್ ಕೂರಿಸಿದ ರಾತ್ರಿ ಒಂದು ಕೀಯನ್ನು ಬಹಳ ನಿಧಾನವಾಗಿ ಒತ್ತುತ್ತಾ ಟಾರ್ಚ್ ಬಿಟ್ಟು ನೋಡಿದೆ. ಕೀ ಇಳಿಯುವುದು ಬರೀ ಒಂದು ಸೆಂಟಿಮೀಟರು. ಸುತ್ತಿಗೆ ತಂತಿಯ ಹತ್ತಿರ ಹೋಗುತ್ತೆ, ಹೋಗುತ್ತೆ, ಇನ್ನು ಎರಡು ಮೂರು ಮಿಲಿಮೀಟರ್ ಇರುವಾಗ ಕೆಳಗಿನ ಸಣ್ಣ ಕೊಕ್ಕೆ ಕೈಬಿಡುತ್ತೆ. ಸುತ್ತಿಗೆ ತಂತಿ ಮುಟ್ಟದೆ ಹಿಂದೆ ಬಿತ್ತು. ಹಾಗಾದರೆ ತಂತಿಗೆ ಹೊಡೆಯುವ ಹೊತ್ತಿಗೆ ಸುತ್ತಿಗೆ ನನ್ನ ಕೈಯಲ್ಲಿ ಇರುವುದೇ ಇಲ್ಲ. ನಾನು ಎಸೆಯುತ್ತೇನೆ, ಅದು ಹೋಗಿ ಹೊಡೆದು ಬರುತ್ತೆ. ಎಸೆದ ವೇಗವೇ ಸದ್ದಿನ ಜೋರು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಈ ಕೈಬಿಡುವ ಉಪಾಯ ಕಂಡುಹಿಡಿದ. ಅದಿಲ್ಲದಿದ್ದರೆ ಸುತ್ತಿಗೆ ತಂತಿಗೆ ಒತ್ತಿಕೊಂಡೇ ನಿಂತು ಸದ್ದನ್ನು ಕೊಲ್ಲುತ್ತಿತ್ತು. ಮೆಲ್ಲಗೆ, ಜೋರಾಗಿ ಎರಡೂ ನುಡಿಸಬಹುದು ಅಂತಲೇ ಪಿಯಾನೊ-ಫೋರ್ಟೆ ಅಂತ ಹೆಸರು. ಹತ್ತು ನಿಮಿಷ ಆ ಒಂದೇ ಕೀ ಒತ್ತುತ್ತಾ ಕೂತಿದ್ದೆ. ಮಗಳು ಬಂದು ನೋಡಿ ಹೋದಳು.

ಏಪ್ರಿಲ್. ಶ್ರುತಿ

ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲಾ ಬೆಳ್ಳಗಾಗಿತ್ತು. ಆ ವಾಸನೆಯಲ್ಲಿ ಕಿಟಕಿ ತೆಗೆದು ಶ್ರುತಿ ಮಾಡಲು ಕೂತೆ.

ಬೇಕಾದ ಸಾಮಾನು ಮೂರೇ. ಶ್ರುತಿ ತಿರುಗಿಸುವ ಲಿವರ್, ರಬ್ಬರಿನ ಬೆಣೆ ನಾಲ್ಕು, ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್. ತಂತಿ ಎಣಿಸಿದೆ. ಕೆಳಗಿನ 11 ಸ್ವರಕ್ಕೆ ಒಂದೊಂದು ದಪ್ಪ ತಾಮ್ರ ಸುತ್ತಿದ ತಂತಿ, ಮುಂದಿನ 18ಕ್ಕೆ ಎರಡೆರಡು, ಉಳಿದ 56ಕ್ಕೆ ಮೂರು ಮೂರು. ಒಟ್ಟು 215 ತಂತಿ, 215 ಬಿರಟೆ.

ನಡುವಿನ ಎ ಸ್ವರ ಈಗ ಲೋಕವೆಲ್ಲಾ 440 ಹರ್ಟ್ಜ್, ಅಂದರೆ ಸೆಕೆಂಡಿಗೆ 440 ಕಂಪನ. ನಮ್ಮದು 425ರಲ್ಲಿತ್ತು. ಅರ್ಧ ಹೆಜ್ಜೆಗಿಂತ ಜಾಸ್ತಿ ಇಳಿದಿತ್ತು. ಒಂದೇ ಸಲ ಏರಿಸಿದರೆ ಹಳೇ ತುಕ್ಕು ತಂತಿ ಹರಿಯುತ್ತೆ ಅಂತ ಓದಿದ್ದೆ. ಆದರೂ ಮೇಲಿನ ಕಡೆ ಒಂದನ್ನು ಆಸೆಗೆ ಬಿದ್ದು ಎಳೆದೆ. ಟಪ್ ಅಂತ ಹರಿದು ಕಿವಿ ಪಕ್ಕ ಹಾದುಹೋಯಿತು. ಕನ್ನಡಕ ಹಾಕಿಕೊಂಡೇ ಮಾಡಿ. ಇನ್ನೊಂದು ಸಂಗತಿ, ಈ ತಂತಿಗಳು ಕೆಳಗಿನ ಗೂಟ ಸುತ್ತಿ ವಾಪಸ್ ಬರುತ್ತವೆ, ಒಂದು ಹರಿದರೆ ಎರಡು ಹೋದ ಹಾಗೆ. ಆ ಸ್ವರಕ್ಕೆ ಈಗ ಒಂದೇ ತಂತಿ. ಸ್ಕ್ರೂಗೇಜಿನಲ್ಲಿ 0.84 ಮಿಲಿಮೀಟರ್ ಬಂತು, 14ನೇ ನಂಬರ್ ತಂತಿ.

ಭಯ ಬಿದ್ದು 435ಕ್ಕೆ ನಿಲ್ಲಿಸಿದೆ. ಅದೇನೂ ಮನಸ್ಸಿಗೆ ಬಂದ ಅಂಕಿ ಅಲ್ಲ. 1859ರಲ್ಲಿ ಫ್ರಾನ್ಸ್ ಸರ್ಕಾರ ಎ ಸ್ವರ 435 ಅಂತ ಕಾನೂನು ಮಾಡಿತ್ತು. ನಮ್ಮ ಮಡಿಕೇರಿ ಕೋಟೆಯೊಳಗಿನ ಇಗರ್ಜಿ, ಈಗ ಮ್ಯೂಸಿಯಂ ಆಗಿರುವುದು, ಅದನ್ನು ಕಟ್ಟಿದ್ದೂ ಅದೇ 1859ರಲ್ಲಿ. ಬಂಗಲೆಯ ಪಿಯಾನೊಗೆ ಆ ಕಾಲದ ಶ್ರುತಿ ಸಾಕು ಅಂತ ಸಮಾಧಾನ ಮಾಡಿಕೊಂಡೆ.

ಮೊದಲು ಒಂದೇ ಸ್ವರದ ಮೂರು ತಂತಿ ಕೂಡಿಸುವುದು. ಒಂದನ್ನು ಬೆಣೆಯಿಂದ ಮುಚ್ಚಿ ಎರಡನ್ನು ಹೊಡೆದರೆ ವೊಂಯ್, ವೊಂಯ್, ವೊಂಯ್ ಅಂತ ಅಲೆ. ಲಿವರನ್ನು ಉಗುರಿನಷ್ಟು ತಿರುಗಿಸಿದರೆ ಅಲೆ ನಿಧಾನ, ವೊಂ...ಯ್. ಇನ್ನೂ ಸ್ವಲ್ಪ, ಅಲೆ ನಿಂತು ಸದ್ದು ಒಂದೇ ಗೆರೆಯಾಗುತ್ತೆ. ಎರಡು ತಂತಿಯ ಕಂಪನ ಸೆಕೆಂಡಿಗೆ ಎಷ್ಟು ವ್ಯತ್ಯಾಸವೋ ಅಷ್ಟು ಅಲೆ, ಲೆಕ್ಕ ಇಷ್ಟು ಸರಳ. ಮೊದಲ ದಿನ ನನಗೆ ಅಲೆಯೇ ಕೇಳಿಸಲಿಲ್ಲ. ಮಗಳು ದೂರದಿಂದಲೇ, "ಇಲ್ಲ ಅಪ್ಪ, ಇನ್ನೂ ಅಳ್ತಿದೆ" ಅನ್ನುತ್ತಿದ್ದಳು. ಅವಳು ಏಳು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ನನ್ನ ಕಿವಿಗೆ ನಾಲ್ಕು ದಿನ ಬೇಕಾಯಿತು.

ಆಮೇಲೆ ಹನ್ನೆರಡು ಸ್ವರಗಳನ್ನು ಒಂದಕ್ಕೊಂದು ಹೊಂದಿಸುವುದು. ಆ್ಯಪ್ ಬಿಟ್ಟು ಕಿವಿಯಿಂದಲೇ ಮಾಡೋಣ ಅಂತ ಹಟ. ಮಗಳ ತಂಬೂರಿಯ ದಾರಿ ಹಿಡಿದೆ: ಸ, ಪ. ಪಂಚಮ ಅಂದರೆ ಷಡ್ಜದ ಒಂದೂವರೆ ಪಟ್ಟು, 3ಕ್ಕೆ 2. ಸಿ ಇಂದ ಜಿ. ಜಿಯನ್ನು ಸ ಮಾಡಿಕೊಂಡು ಡಿ. ಡಿಯಿಂದ ಎ. ಮೇಲೆ ಜಾಸ್ತಿ ಹೋದಾಗ ಒಂದು ಸ್ಥಾಯಿ ಕೆಳಗಿಳಿಸಿಕೊಂಡೆ. ಹೀಗೆ ಹನ್ನೆರಡು ಪಂಚಮ ದಾಟಿದರೆ ಮತ್ತೆ ಸಿಗೆ ಬರಬೇಕು. ಒಂದೊಂದೂ ಅಲೆಯಿಲ್ಲದ ಹಾಗೆ, ಕನ್ನಡಿಯ ಹಾಗೆ ಕೂರಿಸಿದೆ. ಬಂದೆ. ಶುರು ಮಾಡಿದ ಸಿ ಜೊತೆ ಹೊಡೆದು ನೋಡಿದರೆ ಹೆಜ್ಜೆಯ ಕಾಲುಭಾಗ ಮೇಲಿದೆ.

ಎಲ್ಲೋ ತಪ್ಪಿದೆ ಅಂತ ಎರಡನೇ ಸಲ ಮಾಡಿದೆ. ಮತ್ತೆ ಅಷ್ಟೇ. ಆಗ ರಾತ್ರಿ ಹತ್ತು ಗಂಟೆಗೆ ಆಫೀಸಿನ ಕ್ಯಾಲ್ಕುಲೇಟರ್ ತೆಗೆದೆ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದೆ: 129.746. ಅಷ್ಟರಲ್ಲಿ ಏಳು ಸ್ಥಾಯಿ ಏರಿರುತ್ತೇವೆ, ಒಂದೊಂದು ಸ್ಥಾಯಿಗೂ ಎರಡು ಪಟ್ಟು. ಎರಡನ್ನು ಏಳು ಸಲ ಗುಣಿಸಿದೆ: 128.

ಟ್ಯಾಲಿ ಆಗಲ್ಲ. ನನ್ನ ತಪ್ಪಲ್ಲ, ಪುಸ್ತಕವೇ ಕೂಡಲ್ಲ. ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ, ಕೊನೆಗೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಹುಡುಕಿ ತೆಗೆದಿದ್ದೇನೆ. ಇಲ್ಲಿ ಹುಡುಕಲು ಏನೂ ಇಲ್ಲ. ಮೂರನ್ನು ಎಷ್ಟು ಸಲ ಗುಣಿಸಿದರೂ ಬೆಸವೇ, ಎರಡನ್ನು ಎಷ್ಟು ಗುಣಿಸಿದರೂ ಸಮವೇ. ಎರಡೂ ಒಂದಾಗುವುದು ಹೇಗೆ?

ಪಾಶ್ಚಾತ್ಯರು ಇದಕ್ಕೆ ಮಾಡಿದ ದಾರಿ ನಮ್ಮ ತೋಟದ ಲೆಕ್ಕದ ಹಾಗೇ ಇದೆ. ಒಬ್ಬನ ತಲೆಗೆ ಕಟ್ಟದೆ, ವ್ಯತ್ಯಾಸವನ್ನು ಹನ್ನೆರಡು ಮಂದಿಗೂ ಸಮನಾಗಿ ಹಂಚಿಬಿಡುವುದು. ಪ್ರತಿ ಹೆಜ್ಜೆಯೂ 1.05946 ಪಟ್ಟು. ಅದನ್ನು ಹನ್ನೆರಡು ಸಲ ಗುಣಿಸಿ ನೋಡಿ, 2 ಬರುತ್ತೆ. ಏಳು ಸಲ ಗುಣಿಸಿದರೆ 1.4983, ಒಂದೂವರೆಗೆ ಕೂದಲೆಳೆ ಕಮ್ಮಿ. ಹೆಜ್ಜೆಯನ್ನು ನೂರು ಪೈಸೆ ಅಂದುಕೊಂಡರೆ ಪ್ರತಿ ಪಂಚಮಕ್ಕೂ ಎರಡು ಪೈಸೆ ನಷ್ಟ. ಈ ಪೈಸೆಗೆ ಅವರು ಸೆಂಟ್ ಅನ್ನುತ್ತಾರೆ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಎರಡು ರಾತ್ರಿ ಉಳಿಯುತ್ತಿತ್ತು. ಆದರೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಮೂರನೇ ಸಲ ಪಂಚಮಗಳನ್ನು ಬೇಕಂತಲೇ ಸ್ವಲ್ಪ ಕೆಡಿಸುತ್ತಾ ಹೋದೆ. ಕೆಳಗಿನ ಎ ಮತ್ತು ಅದರ ಮೇಲಿನ ಇ ಹೊಡೆದರೆ ನಾಲ್ಕು ಸೆಕೆಂಡಿಗೆ ಮೂರು ಅಲೆ ಬರಬೇಕು. ಗಡಿಯಾರ ನೋಡಿಕೊಂಡು ಎಣಿಸಿದೆ. ಹನ್ನೆರಡನೆಯದು ಶುರುವಿನ ಸಿ ಮೇಲೆ ಬಂದು ಕೂತಿತು. ಉಳಿದದ್ದನ್ನು ಸ್ಥಾಯಿ ಹಿಡಿದು ಮೇಲೆ ಕೆಳಗೆ ಹಬ್ಬಿಸಿದೆ. ಎಲ್ಲಾ ಸೇರಿ ಒಂಬತ್ತು ಸಂಜೆ. ಎರಡು ವಾರಕ್ಕೆ ಇಳಿಯಿತು, ಮತ್ತೆ ಇನ್ನೊಂದು ಸಲ.

ಮೇ. ಕೈ

ಕೈಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಹೇಳುವಂಥದ್ದು ಕಮ್ಮಿ. ಹೆಬ್ಬೆರಳು 1, ಕಿರುಬೆರಳು 5. ಸಿ ಸ್ಕೇಲ್ ಬಲಗೈಗೆ 1, 2, 3, ಆಮೇಲೆ ಹೆಬ್ಬೆರಳು ಕೆಳಗಿಂದ ನುಸುಳಿ 1, 2, 3, 4, 5. ನುಸುಳುವಾಗ ಮೊಣಕೈ ರೆಕ್ಕೆ ಬಿಚ್ಚಬಾರದು. ನನ್ನದು ಒಂದು ತಿಂಗಳು ಬಿಚ್ಚಿತು. ನಾಲ್ಕನೇ ಬೆರಳು ಸೋಮಾರಿ, ಎಲ್ಲರದ್ದೂ ಹಾಗಂತೆ. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ಕೈ, ಆಮೇಲೆ ಇನ್ನೊಂದು ಕೈ, ಕೊನೆಗೆ ಎರಡೂ. ಸಿ ಇ ಜಿ, ಎಫ್ ಎ ಸಿ, ಜಿ ಬಿ ಡಿ, ಈ ಮೂರು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಎಡಗೈಗೆ ಬಂದರೆ ಎಷ್ಟೋ ಹಾಡಿಗೆ ಸಾಕು.

ಮಗಳು ಒಂದು ದಿನ ಬರೀ ಬಿಳಿ ಕೀ ಒತ್ತುತ್ತಾ, "ಇದು ಶಂಕರಾಭರಣ" ಅಂದಳು. ಸಿ ಸ ಆದರೆ ಶಂಕರಾಭರಣ. ಅದೇ ಬಿಳಿ ಕೀಗಳು, ಡಿ ಸ ಮಾಡಿಕೊಂಡರೆ ಖರಹರಪ್ರಿಯ. ಇ ಇಂದ ತೋಡಿ, ಎಫ್ ಇಂದ ಕಲ್ಯಾಣಿ, ಜಿ ಇಂದ ಹರಿಕಾಂಭೋಜಿ, ಎ ಇಂದ ನಠಭೈರವಿ. ಗ್ರಹಭೇದ ಅಂತಾರೆ ಅಂದಳು. ಬಿ ಇಂದ ಶುರು ಮಾಡಿ ನಿಂತಳು. ಅಲ್ಲಿ ಪಂಚಮವೇ ಸಿಗಲ್ಲ. ಹೆಜ್ಜೆ ಎಣಿಸಿದೆ, ಬಿ ಇಂದ ಎಫ್‌ಗೆ ಆರೇ. ಪಂಚಮಕ್ಕೆ ಏಳು ಬೇಕು.

ಜುಲೈ. ಮಳೆ

ಬೇಸಿಗೆಯಲ್ಲಿ ಮಾಡಿದ ಕೆಲಸಕ್ಕೆ ಮಳೆಗಾಲ ಪರೀಕ್ಷೆ ಇಟ್ಟಿತು. ಕಕ್ಕಡದ ಮಳೆ ಹಿಡಿದ ಮೇಲೆ ನನ್ನ ತೇವದ ಮೀಟರು ಶೇಕಡಾ 90 ದಾಟಿತು. ಪಿಯಾನೊಗೆ 40ರಿಂದ 55 ಇದ್ದರೆ ಸುಖ. ಚಪ್ಪಲಿಗೇ ಬೂಷ್ಟು ಬರುವ ಊರಿನಲ್ಲಿ 55 ಎಲ್ಲಿಂದ ತರುವುದು?

ಹದಿನಾಲ್ಕು ಕೀ ಮತ್ತೆ ಅಂಟಿದವು. ಅದಕ್ಕಿಂತ ಆಶ್ಚರ್ಯ, ಶ್ರುತಿ ಇಳಿಯುತ್ತೆ ಅಂದುಕೊಂಡಿದ್ದರೆ ಏರಿತ್ತು! ಎ 438. ತಂತಿಗಳ ಹಿಂದೆ ದೊಡ್ಡ ಮರದ ಹಲಗೆ ಇದೆ, ಸದ್ದು ತುಂಬಿ ಕೊಡುವುದು ಅದೇ. ಥಂಡಿಗೆ ಅದು ಉಬ್ಬಿ ತಂತಿಗಳನ್ನು ಮುಂದಕ್ಕೆ ನೂಕುತ್ತೆ, ಎಳೆತ ಜಾಸ್ತಿಯಾಗುತ್ತೆ. ನಡುಭಾಗ ಏರುತ್ತೆ, ಕೆಳಗಿನ ದಪ್ಪ ತಂತಿಗಳು ಅಷ್ಟು ಏರಲ್ಲ. ಅದಕ್ಕೇ ಮಳೆಗಾಲದಲ್ಲಿ ಪಿಯಾನೊ ತನ್ನೊಳಗೇ ಜಗಳ ಆಡುತ್ತೆ. ಆಗ ಶ್ರುತಿ ಮಾಡಬೇಡಿ, ಜನವರಿಗೆ ಎಲ್ಲಾ ಉಲ್ಟಾ ಆಗುತ್ತೆ.

ಹಳೇ ಉಪಾಯ, ಕೆಳಗಿನ ಹಲಗೆಯ ಒಳಗೆ ಒಂದು ಬಲ್ಬ್ ಉರಿಸುವುದು. ಎಲ್‌ಇಡಿ ಆಗಲ್ಲ, ಬಿಸಿ ಬೇಕು. ತಂತಿ ಬಲ್ಬ್ ಈಗ ಯಾವ ಅಂಗಡಿಯಲ್ಲೂ ಸುಲಭವಾಗಿ ಸಿಗಲ್ಲ. ಕೋಳಿಮರಿಗೆ ಕಾವು ಕೊಡುವವರ ಹತ್ತಿರ 40 ವಾಟಿನದು ಸಿಕ್ಕಿತು. ಮರಕ್ಕೆ ತಾಗದ ಹಾಗೆ ತಗಡಿನ ಗೂಡು ಮಾಡಿ ನೇತುಹಾಕಿದೆ. ಒಳಗೆ ತೇವ 65ಕ್ಕೆ ಇಳಿಯಿತು.

ಆಮೇಲೆ ಕರೆಂಟ್ ಹೋಯಿತು, ಐದು ದಿನ. ನುಡಿಸಲು ಕರೆಂಟ್ ಬೇಡ ಅಂತ ಜಂಭ ಪಟ್ಟಿದ್ದೆ, ಮೇಣದಬತ್ತಿ ಹಚ್ಚಿ ಕೂತರೆ ಕೀ ಏಳುತ್ತಿಲ್ಲ. ಬಲ್ಬಿಗೆ ಕರೆಂಟ್ ಬೇಕಲ್ಲ. ಸಿಲಿಕಾ ಜೆಲ್ ತರಿಸಿ ಬಟ್ಟೆ ಚೀಲದಲ್ಲಿ ಕಟ್ಟಿಟ್ಟೆ. ಎರಡು ದಿನಕ್ಕೊಮ್ಮೆ ಹಳೇ ಬಾಣಲೆಯಲ್ಲಿ ಒಲೆಯ ಮೇಲೆ ಬಿಸಿ ಮಾಡಿ ಒಣಗಿಸುವುದು. ಆ ಬಾಣಲೆ ಅಡುಗೆಗೆ ಮತ್ತೆ ಬರುವ ಹಾಗಿಲ್ಲ ಅಂತ ಹೆಂಡತಿ ಸುಣ್ಣದಲ್ಲಿ "ಪಿ" ಅಂತ ಬರೆದಿಟ್ಟಳು.

ಅಕ್ಟೋಬರ್, ನವೆಂಬರ್

ಆಯುಧಪೂಜೆಗೆ ಲಿವರಿಗೂ ಇಕ್ಕಳಕ್ಕೂ ಕುಂಕುಮ ಇಟ್ಟೆವು. ಹರಿದದ್ದರ ಬದಲಿಗೆ ತಂತಿ ಬಂದಿದೆ, ಕಟ್ಟಲು ಧೈರ್ಯ ಬಂದಿಲ್ಲ.

ಹುತ್ತರಿಯ ಹಿಂದಿನ ವಾರ, ಮಳೆ ಪೂರ್ತಿ ನಿಂತು ಎ ಮತ್ತೆ 435ಕ್ಕೆ ಬಂದಿತ್ತು. ಕೆಟ್ಟವನ್ನು ಸರಿ ಮಾಡಿ ಮಗಳನ್ನು ಕರೆದೆ. ನಾನು ಸಿ ಇ ಜಿ ಹಿಡಿದೆ, ಅವಳು ಶಂಕರಾಭರಣದಲ್ಲಿ ಸ ಗ ಪ ಹಾಡಿದಳು. ಗ ಹತ್ತಿರ ನಿಂತುಬಿಟ್ಟಳು. "ನಿನ್ನ ಗ ಜಾಸ್ತಿ ಮೇಲಿದೆ ಅಪ್ಪ."

ಇಲ್ಲ, ಸರಿಯಾಗಿದೆ ಅಂದೆ. ಆ್ಯಪ್ ತೋರಿಸಿದೆ. ಅವಳು ತಂಬೂರಿ ಹಾಕಿ ಮತ್ತೆ ಹಾಡಿದಳು. ಈ ಸಲ ನನಗೂ ಕೇಳಿಸಿತು. ಅವಳ ಗ ನಮ್ಮ ಇಗಿಂತ ಚೂರು ಕೆಳಗೆ, ಸ ಜೊತೆ ಕರಗಿಹೋಗುತ್ತೆ. ಪಿಯಾನೊದ್ದು ಹೊಳೆಯುತ್ತೆ, ಆದರೆ ಒಳಗೆ ಸೆಕೆಂಡಿಗೆ ಹತ್ತು ಅಲೆ ನಡುಗುತ್ತೆ. ಪುಸ್ತಕ ನೋಡಿದೆ. ಶುದ್ಧವಾದ ಗ 5ಕ್ಕೆ 4, ಅಂದರೆ 386 ಪೈಸೆ. ಪಿಯಾನೊದ್ದು 400. ಹಂಚಿದ ನಷ್ಟದಲ್ಲಿ ಪಂಚಮಕ್ಕೆ ಎರಡೇ ಪೈಸೆ ಬಂದಿತ್ತು, ಗಾಂಧಾರಕ್ಕೆ ಹದಿನಾಲ್ಕು.

ಲಿವರ್ ತಂದು ಇಯ ಮೂರು ತಂತಿಯನ್ನೂ ಅವಳ ಗಕ್ಕೆ ಇಳಿಸಿದೆ. ಸಿ ಇ ಜಿ ಹೊಡೆದೆ. ಅಬ್ಬಾ, ಬೆಲ್ಲ. ಅವಳು ಎರಡು ಸಲ ಹಾಡಿದಳು. ಆಮೇಲೆ ಅಭ್ಯಾಸಬಲದಿಂದ ಎಡಗೈ ಎ ಮೇಲೆ ಹೋಗಿ ಎ, ಇ ಒಟ್ಟಿಗೆ ಒತ್ತಿತು.

"ಥೂ, ನರಿ ಕೂಗಿದ ಹಾಗಿದೆ" ಅಂದಳು.

ಇಂಗ್ಲಿಷಿನವರು ಇಂಥ ಕೆಟ್ಟ ಪಂಚಮಕ್ಕೆ ವುಲ್ಫ್, ತೋಳ ಅನ್ನುತ್ತಾರೆ. ಊಟ ಮಾಡಿ ಬಂದು ಇಯನ್ನು ವಾಪಸ್ ಹದಿನಾಲ್ಕು ಪೈಸೆ ಏರಿಸಿದೆ. ಅವಳು ಹಾಡುವಾಗ ಈಗ ನಾನು ಸಿ, ಜಿ ಎರಡೇ ಹಿಡಿಯುತ್ತೇನೆ. ಗ ಅವಳೇ ಹಾಕಿಕೊಳ್ಳುತ್ತಾಳೆ.